ಹೊಸ ಮಷೀನಿನ ಮೊದಲ ದಿನ: ಗೇಮಿಂಗ್ ಪಿಸಿಗೆ ಯಾವ ತಂತ್ರಾಂಶ, ಎಲ್ಲಿಂದ, ಯಾವಾಗ

ಗೇಮಿಂಗ್ ಕಂಪ್ಯೂಟರ್ ಕಟ್ಟುವುದು ಬೆಂಗಳೂರಿನ ಹುಡುಗರ ಹವ್ಯಾಸ ಎನ್ನುವ ಕಾಲ ಹೋಯಿತು. ಸೂಳೆಕೆರೆ ಸುತ್ತಿನ ಊರುಗಳಿಂದ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ದಾವಣಗೆರೆಗೆ ಓದಲು ಹೋದವರು ಯೂಟ್ಯೂಬ್ ನೋಡಿ ಭಾಗಗಳ ಪಟ್ಟಿ ಮಾಡುತ್ತಾರೆ. ಒಂದಿಷ್ಟನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ, ಒಂದಿಷ್ಟನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತರುತ್ತಾರೆ. ರಜೆಗೆ ಊರಿಗೆ ಬಂದಾಗ ನಡುಮನೆಯಲ್ಲಿ ಹರಡಿಕೊಂಡು ತಾವೇ ಜೋಡಿಸುತ್ತಾರೆ. ಸ್ಕ್ರೂ ಬಿಗಿಯುವ ತನಕ ಎಲ್ಲವೂ ಸಲೀಸು. ತೊಡಕು ಶುರುವಾಗುವುದು ಸ್ವಿಚ್ ಒತ್ತಿ, ಫ್ಯಾನು ತಿರುಗಿ, ಪರದೆ ಬೆಳಗಿದ ಮೇಲೆ. ಮುಂದೇನು? ಯಾವ ಡ್ರೈವರ್ ಮೊದಲು? ಎಲ್ಲಿಂದ ತರಬೇಕು? ಯಾವುದು ಬೇಡ?

ಈ ವಿಷಯದಲ್ಲಿ ಸಲಹೆಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಎರಡು ಸಂಗತಿಗಳನ್ನು ಇದ್ದೇ ಇರುತ್ತವೆಂದು ಭಾವಿಸಿಕೊಂಡಿವೆ: ಹೋಗದ ಕರೆಂಟು, ಮುಗಿಯದ ಇಂಟರ್ನೆಟ್ಟು. ತ್ಯಾವಣಿಗೆಯ ಆಚೆಯ ತೋಟದ ಮನೆಯಲ್ಲೋ ಜಗಳೂರಿನ ಹಳ್ಳಿಯಲ್ಲೋ ಕೂತವನಿಗೆ ಈ ಎರಡನ್ನೂ ನೆಚ್ಚಿಕೊಳ್ಳಲಾಗದು. ಅದಕ್ಕೇ ಅವನು ಕೊನೆಗೆ ಪೇಟೆಯ ಯಾವುದೋ ಪೆನ್‌ಡ್ರೈವ್‌ಗೆ ಶರಣಾಗುತ್ತಾನೆ. ಅಂಥ ಪೆನ್‌ಡ್ರೈವ್ ಹೊಸ ಮಷೀನಿಗೆ ಮೊದಲ ದಿನವೇ ಮಾಡುವ ಕೇಡು ಸಣ್ಣದಲ್ಲ. ಅದಿಲ್ಲದೆಯೂ ನಮ್ಮ ಊರಿನ ಕರೆಂಟು, ನಮ್ಮ ಊರಿನ ಡೇಟಾದಲ್ಲೇ ಕೆಲಸ ಶುದ್ಧವಾಗಿ ಆಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಡ್ರೈವರ್ ಎಂದರೇನೆಂದು ನೋಡೋಣ. ಗ್ರಾಫಿಕ್ಸ್ ಕಾರ್ಡು, ಸೌಂಡ್ ಚಿಪ್ಪು, ವೈಫೈ ಇವಕ್ಕೂ ವಿಂಡೋಸ್‌ಗೂ ನಡುವೆ ಮಾತು ದಾಟಿಸುವ ತಂತ್ರಾಂಶ ಅದು. ನಾವು ದಿನವೂ ತೆರೆದು ಮುಚ್ಚುವ ಸಾಮಾನ್ಯ ಪ್ರೋಗ್ರಾಮಿನ ಹಾಗಲ್ಲ. ಮುಖ್ಯ ಡ್ರೈವರ್‌ಗಳು ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲಿ, ಕರ್ನಲ್ ಎನ್ನುವ ಜಾಗದಲ್ಲಿ ಓಡುತ್ತವೆ. ಅಲ್ಲಿ ಕೂತದ್ದಕ್ಕೆ ಯಾವ ಬಾಗಿಲೂ ಮುಚ್ಚಿರುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಕರ್ನಲ್ ಡ್ರೈವರ್ ಒಂದು ದೋಷಪೂರಿತ ಕಡತವನ್ನು ಓದಿಕೊಂಡಿತು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ಕೈತಪ್ಪಿ ಆದದ್ದು. ಬೇಕೆಂದೇ ಮಾಡುವವರೂ ಇದ್ದಾರೆ. ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಮೋಸ ತಡೆಯುವ ಡ್ರೈವರನ್ನೇ ಬಳಸಿಕೊಂಡು ರಾನ್ಸಮ್‌ವೇರ್ ದುಷ್ಕರ್ಮಿಗಳು ಆಂಟಿವೈರಸ್ಸನ್ನು ನಿಲ್ಲಿಸಿದ್ದನ್ನು 2022ರಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆ ಬಯಲಿಗೆಳೆಯಿತು. ಹಾಗಾಗಿ ಗೊತ್ತಿಲ್ಲದವರ ಡ್ರೈವರ್ ಹಾಕುವುದೆಂದರೆ ಗೊತ್ತಿಲ್ಲದವರ ಕೈಗೆ ಮನೆಯ ಕೀಲಿಕೈ ಕೊಟ್ಟ ಹಾಗೆ.

ಡ್ರೈವರ್ ಸಿಗುವ ದಾರಿಗಳು ನಾಲ್ಕು. ಮದರ್‌ಬೋರ್ಡ್ ಡಬ್ಬಿಯಲ್ಲಿ ಬರುವ ಸಿ.ಡಿ. ಈಗ ಲೆಕ್ಕಕ್ಕಿಲ್ಲ, ಹೊಸ ಕ್ಯಾಬಿನೆಟ್ಟುಗಳಲ್ಲಿ ಅದನ್ನು ಹಾಕುವ ಡ್ರೈವೇ ಇರುವುದಿಲ್ಲ, ಒಳಗಿನ ಡ್ರೈವರೂ ಹಳೆಯದು. ಎರಡನೆಯದು ಎಲ್ಲ ಕಂಪನಿಗಳ ಡ್ರೈವರುಗಳನ್ನು ಒಟ್ಟುಗೂಡಿಸಿದ ಡ್ರೈವರ್ ಪ್ಯಾಕ್. ನೆಟ್ಟೇ ಇಲ್ಲದ ಕಾಲದಲ್ಲಿ ಇವು ಅಂಗಡಿಯವರ ಕೈ ಹಿಡಿದಿದ್ದು ನಿಜ. ಇವತ್ತು ಇವುಗಳಲ್ಲಿ ಹಲವು, ಕೇಳದ ಬ್ರೌಸರ್ರು, ಬೇಡದ ಆಂಟಿವೈರಸ್ಸು, ಜಾಹೀರಾತುಗಳನ್ನು ಜತೆಗೇ ತಂದು ಸುರಿಯುತ್ತವೆ. ಅಂದಾಜಿನ ಮೇಲೆ ತಪ್ಪು ಡ್ರೈವರ್ ಕೂರಿಸುವುದೂ ಉಂಟು. ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಡ್ರೈವರ್ ಅಪ್‌ಡೇಟ್ ಮಾಡುತ್ತೇವೆಂದು ಹಣ ಕೇಳುವ ಪ್ರೋಗ್ರಾಮುಗಳೂ ಇದೇ ಜಾತಿಯವು. ಹೊಸ ಮಷೀನಿಗೆ ಇವು ಬೇಡವೇ ಬೇಡ. ಮೂರನೆಯದು ವಿಂಡೋಸ್ ಅಪ್‌ಡೇಟ್. ಸೌಂಡ್, ಬ್ಲೂಟೂತ್, ಪ್ರಿಂಟರ್‌ನಂಥವಕ್ಕೆ ಧಾರಾಳವಾಗಿ ಸಾಕು. ನಾಲ್ಕನೆಯದು ತಯಾರಕರ ಸ್ವಂತ ಜಾಲತಾಣ. ಚಿಪ್‌ಸೆಟ್ಟಿಗೂ ಗ್ರಾಫಿಕ್ಸಿಗೂ ಅಲ್ಲಿಗೇ ಹೋಗಬೇಕು. ಸರ್ಚ್ ಮಾಡಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ಹೆಸರಾಂತ ತಂತ್ರಾಂಶಗಳ ನಕಲಿ ಪುಟಗಳು ಹಾಗೆಯೇ ಜನರನ್ನು ಸೆಳೆದಿವೆ. ವಿಳಾಸದ ಪಟ್ಟಿಯನ್ನು ಅಕ್ಷರ ಅಕ್ಷರ ಓದಿ ಆಮೇಲೆ ಒತ್ತಿ.

ವಿಂಡೋಸ್‌ಗೂ ಮೊದಲು ನೋಡಬೇಕಾದದ್ದು ಬಯಾಸ್. ಮದರ್‌ಬೋರ್ಡಿನ ಚಿಪ್ಪಿನಲ್ಲೇ ಕೂತಿರುವ ಈ ಮೂಲ ತಂತ್ರಾಂಶವನ್ನು ಅಪ್‌ಡೇಟ್ ಮಾಡಬೇಕೇ ಬೇಡವೇ ಎನ್ನುವುದು ಹಳೆಯ ಜಗಳ. ಕೆಲಸ ಮಾಡುತ್ತಿರುವುದನ್ನು ಮುಟ್ಟಬೇಡಿ ಎನ್ನುವುದು ಹಿರಿಯ ಮೆಕ್ಯಾನಿಕ್‌ಗಳ ಮಾತು. ಅದಕ್ಕೆ ಕಾರಣವಿತ್ತು. ಆದರೆ ಈಚಿನ ಎರಡು ಘಟನೆಗಳು ಆ ವಾದವನ್ನು ಸಡಿಲಿಸಿವೆ. 2023ರ ಏಪ್ರಿಲ್‌ನಲ್ಲಿ ಎಎಂಡಿಯ ರೈಜನ್ 7000 ಸರಣಿಯ ಎಕ್ಸ್3ಡಿ ಪ್ರೊಸೆಸರುಗಳು ಕೆಲವು ಬೋರ್ಡುಗಳಲ್ಲಿ ಸುಟ್ಟುಹೋದವು. ಎಸ್ಒಸಿ ವೋಲ್ಟೇಜನ್ನು 1.3ಕ್ಕೆ ಕಟ್ಟಿಹಾಕುವ ಹೊಸ ಬಯಾಸ್ ಬಂತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿ ವೋಲ್ಟೇಜಿನಿಂದ ಒಳಗೊಳಗೇ ಸವೆದು ಆಟದ ನಡುವೆ ಕ್ರ್ಯಾಶ್ ಆಗತೊಡಗಿದವು. ಆಗಸ್ಟಿನಿಂದ ಬಯಾಸ್ ಮೂಲಕ ತಿದ್ದುಪಡಿ ಬಂತು, ಇಂಟೆಲ್ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಒಮ್ಮೆ ಸವೆದ ಪ್ರೊಸೆಸರನ್ನು ಯಾವ ಅಪ್‌ಡೇಟೂ ಸರಿ ಮಾಡಲಾರದು. ಆದ್ದರಿಂದ ಇಂಥ ಪ್ರೊಸೆಸರ್ ಕೊಂಡವರು ಆಟ ಹಾಕುವುದಕ್ಕೂ ಮುಂಚೆ, ಮೊದಲ ದಿನವೇ ಬಯಾಸ್ ಹೊಸದು ಮಾಡಿಕೊಳ್ಳಬೇಕು. ಗೋಡೌನಿನಲ್ಲಿ ವರ್ಷಗಟ್ಟಲೆ ಕೂತ ಬೋರ್ಡು ಅಗ್ಗಕ್ಕೆ ಸಿಕ್ಕಿದ್ದರಂತೂ ಇನ್ನೂ ಅಗತ್ಯ.

ಮೆಕ್ಯಾನಿಕ್‌ಗಳ ಹೆದರಿಕೆಗೆ ಕಾರಣವೆಂದರೆ ನಡುವೆ ಕರೆಂಟ್ ಹೋಗುವುದು. ಬಯಾಸ್ ಬರೆಯುತ್ತಿರುವಾಗ ವಿದ್ಯುತ್ ನಿಂತರೆ ಬೋರ್ಡು ಏಳದೆಯೇ ಹೋಗಬಹುದು. ಬೆಸ್ಕಾಂ ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿಯ ಬೇರೆ ಲೈನು ಎಳೆದ ಮೇಲೆ ಸ್ಥಿತಿ ಸುಧಾರಿಸಿದೆ, ನಿಜ. ಆದರೆ ತೋಟದ ಮನೆಗಳು ಪಂಪ್‌ಸೆಟ್ಟಿನ ಲೈನಿಗೇ ಅಂಟಿಕೊಂಡಿವೆ. ಮೋಟರುಗಳು ಒಟ್ಟಿಗೆ ಶುರುವಾದಾಗ ಬಲ್ಬಿನ ಬೆಳಕೇ ಕುಗ್ಗುತ್ತದೆ. ಹಾಗಾಗಿ ಯುಪಿಎಸ್ ಇಲ್ಲದೆ ಬಯಾಸ್ ಮುಟ್ಟಬೇಡಿ. ಗೇಮಿಂಗ್ ಪಿಸಿಗೆ ಸಣ್ಣ ಯುಪಿಎಸ್ ಸಾಲದು ಎನ್ನುವುದುಂಟು. ಆಟ ಓಡುವಾಗ ಆ ಮಾತು ಸರಿ: 600 ವಿ.ಎ. ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್, ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಮಷೀನು ಅದನ್ನು ಮೀರಿ ಎಳೆಯುತ್ತದೆ. ಬಯಾಸ್ ಅಪ್‌ಡೇಟ್ ಹೊತ್ತಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಕೆಲಸವೇ ಇಲ್ಲ, ಆ ಕೆಲವು ನಿಮಿಷಕ್ಕೆ ಸಣ್ಣದೇ ಸಾಕು. ಗೆಳೆಯರದ್ದನ್ನೋ ಜೆರಾಕ್ಸ್ ಅಂಗಡಿಯದ್ದನ್ನೋ ಒಂದು ಗಂಟೆಗೆ ಕೇಳಿ ತನ್ನಿ. ಮನೆಯ ಇನ್ವರ್ಟರೇ ಗತಿಯಾದರೆ ಅದರ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಸಾಮಾನ್ಯ ಮೋಡ್‌ನಲ್ಲಿ ಬದಲಾಗುವ ಆ ಅರೆಕ್ಷಣದಲ್ಲೇ ಕಂಪ್ಯೂಟರ್ ಆಫ್ ಆಗಬಹುದು.

ಬಯಾಸ್‌ನಲ್ಲೇ ಇನ್ನೆರಡು ಕೆಲಸ. ಕೊಂಡ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ತಾನಾಗಿ ಓಡುವುದಿಲ್ಲ. 6000ದ ಡಿಡಿಆರ್5 ಎಂದು ಹಣ ಕೊಟ್ಟಿದ್ದರೂ 4800ರಲ್ಲಿ ತೆವಳುತ್ತಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಎಕ್ಸ್ಎಂಪಿ, ಎಎಂಡಿಯಲ್ಲಿ ಎಕ್ಸ್‌ಪೋ ಎಂಬುದನ್ನು ಆನ್ ಮಾಡಬೇಕು. ಆನ್ ಮಾಡಿದ ಮೇಲೆ ಪರದೆ ಕಪ್ಪಗಾಗಿ ಕೆಲವು ನಿಮಿಷ ಏನೂ ಕಾಣುವುದಿಲ್ಲ, ಫ್ಯಾನು ಮಾತ್ರ ತಿರುಗುತ್ತಿರುತ್ತದೆ. ಮಷೀನು ಸತ್ತಿತೆಂದು ಗಾಬರಿಯಾಗಿ ಸ್ವಿಚ್ ತೆಗೆಯುವವರೇ ಹೆಚ್ಚು. ಅದು ರ‍್ಯಾಮಿನ ಹದ ನೋಡಿಕೊಳ್ಳುತ್ತಿರುತ್ತದೆ, ಸುಮ್ಮನೆ ಕಾಯಿರಿ. ಇನ್ನೊಂದು, ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್. ವಿಂಡೋಸ್ 11 ಇವನ್ನು ಕೇಳುತ್ತದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಎರಡೂ ಬೇಕು, ಬ್ಯಾಟಲ್‌ಫೀಲ್ಡ್ 6 ಆಟಕ್ಕೂ ಸೆಕ್ಯೂರ್ ಬೂಟ್ ಬೇಕು. ಹಳೆಯ ರೂಢಿಯಂತೆ ಎಂಬಿಆರ್ ವಿಧಾನದಲ್ಲಿ ವಿಂಡೋಸ್ ಹಾಕಿಕೊಟ್ಟರೆ ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಲು ಹೆಣಗಬೇಕಾಗುತ್ತದೆ. ಜಿಪಿಟಿ, ಯುಇಎಫ್ಐ ವಿಧಾನದಲ್ಲೇ ಹಾಕಿ.

ಇನ್ನು ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು, ಹೊಸ ಮಷೀನಿಗೆ 11 ಅಲ್ಲದೆ ಬೇರೆ ಹಾಕುವುದರಲ್ಲಿ ಅರ್ಥವಿಲ್ಲ. 8 ಜಿಬಿ ಪೆನ್‌ಡ್ರೈವ್ ಹಿಡಿದು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದಲೇ ಮಾಡಿಕೊಳ್ಳಿ. ಎಲ್ಲ ಸರಾಗವಾಗಿ ಸಾಗಿ ಒಂದು ಪುಟದಲ್ಲಿ ನಿಲ್ಲುತ್ತದೆ: ಇಂಟರ್ನೆಟ್ಟಿಗೆ ಸೇರಿಸಿ ಎನ್ನುತ್ತದೆ, ಪಟ್ಟಿ ಖಾಲಿ, ಮುಂದೆ ಹೋಗುವ ಬಟನ್ ಮಂಕು. ಹೊಸ ಬೋರ್ಡಿನ ವೈಫೈ ಚಿಪ್ಪಿನ ಡ್ರೈವರ್ ವಿಂಡೋಸ್‌ನಲ್ಲಿ ಇಲ್ಲ. ಡ್ರೈವರ್ ತರಲು ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು. ಹೊಸ ಪಿಸಿಯನ್ನು ಹೊತ್ತುಕೊಂಡು ಅಂಗಡಿಗೆ ಓಡುವಂತೆ ಮಾಡುವುದು ಇದೇ ಪುಟ. ಓಡಬೇಕಾಗಿಲ್ಲ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇರುವುದರಿಂದ ಸಾಮಾನ್ಯವಾಗಿ ಸಂಪರ್ಕ ತಕ್ಷಣ ಸಿಗುತ್ತದೆ. ಇನ್ನೂ ಒಳ್ಳೆಯದೆಂದರೆ ಮದರ್‌ಬೋರ್ಡ್ ತಯಾರಕರ ಪುಟದಿಂದ ವೈಫೈ ಮತ್ತು ಲ್ಯಾನ್ ಡ್ರೈವರನ್ನು ಮೊದಲೇ ಇಳಿಸಿ, ಬಿಚ್ಚಿ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದು. ಈಚಿನ ಸೆಟಪ್ ಪುಟದಲ್ಲಿ ಡ್ರೈವರ್ ಹಾಕುವ ಬಟನ್ನೇ ಇದೆ.

ಟೆದರಿಂಗ್‌ನಲ್ಲಿ ಒಂದು ಅಪಾಯವಿದೆ, ಅದನ್ನು ಹೇಳುವವರು ಕಡಿಮೆ. ವಿಂಡೋಸ್ ಈ ಸಂಪರ್ಕವನ್ನು ಎತರ್ನೆಟ್ ಕೇಬಲ್ ಎಂದೇ ತಿಳಿಯುತ್ತದೆ. ಮಿತಿಯಿಲ್ಲದ ನೆಟ್ ಸಿಕ್ಕಿತೆಂದು ಅಪ್‌ಡೇಟುಗಳನ್ನು ಎಳೆಯತೊಡಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇರುವ ಫೋನು ಊಟ ಮುಗಿಸಿ ಬರುವಷ್ಟರಲ್ಲಿ ಬರಿದು. ಡೆಸ್ಕ್‌ಟಾಪ್ ಕಂಡ ಕೂಡಲೇ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ ಆ ಸಂಪರ್ಕವನ್ನು ಮೀಟರ್ಡ್ ಎಂದು ಗುರುತಿಸಿ. ಆಗ ವಿಂಡೋಸ್ ತಡೆದುಕೊಳ್ಳುತ್ತದೆ, ಮೊದಲು ಏನು ಇಳಿಸಬೇಕೆನ್ನುವುದು ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಇಳಿಸುವ ಕ್ರಮದಲ್ಲಿ ಚಿಪ್‌ಸೆಟ್ ಮೊದಲು. ಎಎಂಡಿಯವರಿಗೆ ಇದು ನಿಜಕ್ಕೂ ಮುಖ್ಯ. ಎರಡು ಚಿಪ್‌ಲೆಟ್ಟುಗಳ ಎಕ್ಸ್3ಡಿ ಪ್ರೊಸೆಸರಿನಲ್ಲಿ ಆಟವನ್ನು ಸರಿಯಾದ ಕೋರುಗಳ ಮೇಲೆ ಕೂರಿಸುವ ವ್ಯವಸ್ಥೆಯೇ ಆ ಪ್ಯಾಕೇಜಿನಲ್ಲಿ ಬರುತ್ತದೆ. ಆಮೇಲೆ ಲ್ಯಾನ್, ವೈಫೈ, ಸೌಂಡ್. ಡಿವೈಸ್ ಮ್ಯಾನೇಜರ್ ತೆರೆದಾಗ ಹಳದಿ ತ್ರಿಕೋನ ಹೊತ್ತ ಅನಾಮಿಕ ಸಾಧನ ಕಂಡರೆ ಹೆದರಬೇಡಿ. ಅದರ ಮೇಲೆ ಬಲಕ್ಲಿಕ್ ಮಾಡಿ, ವಿವರಗಳಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ತಯಾರಕರ ಸಂಖ್ಯೆ 8086 ಎಂದಿದ್ದರೆ ಅದು ಇಂಟೆಲ್, 1022 ಆದರೆ ಎಎಂಡಿ, 10ಇಸಿ ಆದರೆ ರಿಯಲ್‌ಟೆಕ್, 10ಡಿಇ ಆದರೆ ಎನ್‌ವಿಡಿಯಾ. ಈ ಪುಟ್ಟ ಸಂಖ್ಯೆ ಯಾರ ಬಾಗಿಲು ತಟ್ಟಬೇಕೆಂದು ಹೇಳಿಬಿಡುತ್ತದೆ. ಡ್ರೈವರ್ ಪ್ಯಾಕ್‌ನ ಹಂಗು ತಪ್ಪುತ್ತದೆ.

ಗ್ರಾಫಿಕ್ಸ್ ಡ್ರೈವರ್ ಎಲ್ಲಕ್ಕಿಂತ ದೊಡ್ಡದು, ಹಲವು ನೂರು ಎಂಬಿ. ಅದನ್ನು ಪೂರ್ತಿ ಇಳಿಸಿಕೊಂಡು, ನೆಟ್ ತೆಗೆದು, ಆಮೇಲೆ ಇನ್‌ಸ್ಟಾಲ್ ಮಾಡುವುದು ಕ್ಷೇಮ. ಇಲ್ಲವಾದರೆ ಅದೇ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ತನ್ನದೊಂದನ್ನು ತಂದು ಎರಡೂ ಅಡ್ಡಾದಿಡ್ಡಿಯಾಗಬಹುದು. ಹೊಸ ಮಷೀನಿಗೆ ಡಿಡಿಯು ಎಂಬ ಶುಚಿಗೊಳಿಸುವ ತಂತ್ರಾಂಶ ಬೇಕಿಲ್ಲ. ಎನ್‌ವಿಡಿಯಾದಿಂದ ಎಎಂಡಿಗೋ ಅತ್ತಲಿಂದ ಇತ್ತಲಿಗೋ ಕಾರ್ಡು ಬದಲಿಸಿದಾಗ ಅದು ನೆರವಿಗೆ ಬರುತ್ತದೆ. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿನಲ್ಲೇ ಸಿಕ್ಕಿಸಿದೆಯೇ ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡು ವರ್ಷಗಟ್ಟಲೆ 60ರಲ್ಲೇ ಆಡಿದವರು ಕಡಿಮೆಯಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅದನ್ನು ಕೈಯಾರೆ ಬದಲಿಸಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವವರಿಗೆ ಒಂದು ಮಾತು. ಎನ್‌ವಿಡಿಯಾ ಜಿಟಿಎಕ್ಸ್ 900 ಮತ್ತು 1000 ಸರಣಿಗೆ 2025ರ ಅಕ್ಟೋಬರ್‌ನಲ್ಲಿ ಕೊನೆಯ ಗೇಮ್ ರೆಡಿ ಡ್ರೈವರ್ ಕೊಡುವುದಾಗಿ ಪ್ರಕಟಿಸಿತು. ಆಮೇಲೆ 2028ರ ಅಕ್ಟೋಬರ್ ತನಕ ಮೂರು ತಿಂಗಳಿಗೊಮ್ಮೆ ಭದ್ರತಾ ಅಪ್‌ಡೇಟ್ ಮಾತ್ರ. ಅಗ್ಗದ ಜಿಟಿಎಕ್ಸ್ 1060 ಇವತ್ತಿನ ಆಟಗಳನ್ನು ಓಡಿಸೀತು, ಆದರೆ ನಾಳೆಯ ಆಟಗಳಿಗಾಗಿ ಅದರ ಡ್ರೈವರನ್ನು ಯಾರೂ ತಿದ್ದುವುದಿಲ್ಲ. ಕೊಳ್ಳುವ ಬೆಲೆಯಲ್ಲಿ ಇದನ್ನೂ ಲೆಕ್ಕ ಹಿಡಿಯಿರಿ.

ಆಟ ತೆರೆದಾಗ ಡಿಎಲ್ಎಲ್ ಕಡತ ಕಾಣೆಯಾಗಿದೆ ಎಂಬ ಸಂದೇಶ ಬಂದರೆ ಆ ಕಡತವೊಂದನ್ನೇ ಯಾವುದೋ ತಾಣದಿಂದ ತರುವುದು ದೊಡ್ಡ ತಪ್ಪು. ಹೆಚ್ಚಿನ ಪಾಲು ಅದು ಮೈಕ್ರೋಸಾಫ್ಟ್‌ನ ವಿಶುವಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಇಲ್ಲದ್ದರ ಗುರುತು. ಹಳೆಯ ಆಟಗಳಿಗಾದರೆ ಡೈರೆಕ್ಟ್‌ಎಕ್ಸ್‌ನ 2010ರ ಜೂನ್ ಆವೃತ್ತಿಯ ರನ್‌ಟೈಮ್ ಬೇಕು. ಎರಡೂ ಮೈಕ್ರೋಸಾಫ್ಟ್‌ನಲ್ಲೇ ಉಚಿತ. ಸ್ಟೀಮ್, ಎಪಿಕ್‌ನಂಥ ಲಾಂಚರುಗಳನ್ನು ಬೇಕಾದಷ್ಟೇ ಹಾಕಿ, ವಿಂಡೋಸ್ ಜತೆ ತಾವೇ ಶುರುವಾಗದಂತೆ ನೋಡಿಕೊಳ್ಳಿ. ಬೇರೆ ಆಂಟಿವೈರಸ್ ಕೊಳ್ಳಬೇಕಾಗಿಲ್ಲ, ವಿಂಡೋಸ್‌ನ ಡಿಫೆಂಡರ್ ಸಾಕು. ಶಾಖ ನೋಡಲು ಎಚ್‌ಡಬ್ಲ್ಯೂಇನ್ಫೋ ಇರಲಿ: ಅಡಿಕೆ ಸುಲಿಯುವ ಕಾಲದಲ್ಲಿ ಚನ್ನಗಿರಿ ಕಡೆಯ ಮನೆಗಳಲ್ಲಿ, ಬೇಸಿಗೆಯ ಗಾಳಿಗೆ ಜಗಳೂರಿನಲ್ಲಿ, ಕ್ಯಾಬಿನೆಟ್ಟಿನ ಜಾಲರಿಗೆ ದೂಳು ಮೆತ್ತಿ ಉಷ್ಣತೆ ಏರುವುದನ್ನು ಅದು ಮುಂಚೆಯೇ ತೋರಿಸುತ್ತದೆ.

ಆಟಗಳ ಗಾತ್ರವೇ ನಮ್ಮ ಕಡೆಯ ನಿಜವಾದ ಕಷ್ಟ. ದೊಡ್ಡ ಆಟವೊಂದು 100 ಜಿಬಿ ದಾಟುತ್ತದೆ. ದಿನಕ್ಕೆರಡು ಜಿಬಿಯಂತೆ ಅದು ಐವತ್ತು ದಿನಕ್ಕೂ ಹೆಚ್ಚಿನ ಡೇಟಾ. ಆದರೆ ಸ್ಟೀಮ್‌ನಲ್ಲಿ ಒಂದೇ ಆಟವನ್ನು ಊರಿನ ಇಬ್ಬರು ಬೇರೆ ಬೇರೆ ಇಳಿಸಬೇಕಿಲ್ಲ. ಬ್ಯಾಕಪ್ ಮಾಡಿ ಹಾರ್ಡ್ ಡಿಸ್ಕಿನಲ್ಲಿ ಒಯ್ಯಬಹುದು. 2023ರಿಂದ ಒಂದೇ ರೌಟರಿಗೆ ಸೇರಿಸಿದ ಎರಡು ಮಷೀನುಗಳ ನಡುವೆ ನೇರವಾಗಿ ದಾಟಿಸುವ ಸೌಲಭ್ಯವೂ ಇದೆ. ಆಟ ಕೊಂಡ ಖಾತೆ ಅವರವರದೇ, ಕಡತ ಮಾತ್ರ ಹಂಚಿಕೆ. ಇದರಲ್ಲಿ ಕಳ್ಳತನವೇನಿಲ್ಲ.

ಕಳ್ಳತನ ಇರುವುದು ಬೇರೆ ಕಡೆ. ಹೊಸ ಮಷೀನಿಗೆ ಆಕ್ಟಿವೇಟರ್ ಹಾಕಿ ವಿಂಡೋಸನ್ನು ಅಸಲಿ ಎಂದು ತೋರಿಸುವುದು ಪೇಟೆಪೇಟೆಯಲ್ಲೂ ರೂಢಿ. ಅದನ್ನು ಹಾಕುವ ಮೊದಲ ಹೆಜ್ಜೆಯೇ ಆಂಟಿವೈರಸ್ ಆಫ್ ಮಾಡುವುದು. ಕೆಎಂಎಸ್ ಪಿಕೋ ಎಂಬ ಹೆಸರಿನ ಇಂಥದೇ ಇನ್‌ಸ್ಟಾಲರ್ ಜತೆ, ಬ್ರೌಸರಿನ ಪಾಸ್‌ವರ್ಡ್ ಮತ್ತು ಕ್ರಿಪ್ಟೋ ವಾಲೆಟ್ ಕದಿಯುವ ಕ್ರಿಪ್ಟ್‌ಬಾಟ್ ಹರಡುತ್ತಿದ್ದುದನ್ನು 2021ರಲ್ಲಿ ರೆಡ್ ಕೆನರಿ ಸಂಸ್ಥೆ ವರದಿ ಮಾಡಿತು. ಮಗ ಆಟ ಆಡುವ ಮಷೀನಿನಲ್ಲೇ ಅಪ್ಪ ಬ್ಯಾಂಕಿನ ಖಾತೆ ತೆರೆಯುತ್ತಾರೆ, ಅಕ್ಕ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುತ್ತಾಳೆ. ಲೈಸೆನ್ಸಿಗೆ ಹಣ ಸಾಲದಿದ್ದರೆ, ಹೊಂದಿಸಿಕೊಳ್ಳುವ ತನಕ ಆಕ್ಟಿವೇಟ್ ಮಾಡದೆಯೇ ಇಟ್ಟುಕೊಳ್ಳಿ. ಮೂಲೆಯಲ್ಲಿ ಒಂದು ಮಸುಕಾದ ಬರಹ ಕಾಣುತ್ತದೆ, ವಾಲ್‌ಪೇಪರ್ ಬದಲಿಸುವಂಥ ಕೆಲವು ಸೆಟ್ಟಿಂಗ್ ಸಿಗುವುದಿಲ್ಲ. ಆಟಗಳು ಓಡುತ್ತವೆ, ಭದ್ರತಾ ಅಪ್‌ಡೇಟೂ ಬರುತ್ತದೆ.

ಅರ್ಜಿಯ ಮಾತು ಬಂದದ್ದರಿಂದ, ಗೇಮಿಂಗ್ ಪಟ್ಟಿಗಳಲ್ಲಿ ಯಾರೂ ಬರೆಯದ ಒಂದು ಅಗತ್ಯವನ್ನು ಸೇರಿಸುತ್ತೇನೆ: ಕನ್ನಡ. ವಿಂಡೋಸ್ ಎಕ್ಸ್‌ಪಿಯ ತುಂಗಾ ಫಾಂಟ್ ಕಾಲದಿಂದಲೂ ಯೂನಿಕೋಡ್ ಕನ್ನಡ ವಿಂಡೋಸ್‌ನಲ್ಲಿದೆ. 2019ರ ಮೇ ಅಪ್‌ಡೇಟ್‌ನಿಂದ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆಯೂ ಬಂತು; ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಮುಗಿಯಿತು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಗೆ ಕೈ ಒಗ್ಗಿದವರು ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿಕೊಳ್ಳಬಹುದು. ಕಚೇರಿ, ಡಿಟಿಪಿ ಅಂಗಡಿಗಳಿಂದ ಬರುವ ಹಳೆಯ ಕಡತ ತೆರೆಯಲೂ ಅದರ ಫಾಂಟುಗಳು ಬೇಕಾಗುತ್ತವೆ. 1998ರಿಂದ ನಮ್ಮೊಡನಿರುವ ಬರಹ ತಂತ್ರಾಂಶವೂ ಇದೆ. ಇಷ್ಟು ಶಕ್ತಿಯ ಯಂತ್ರ ಮನೆಗೆ ಬಂದ ಮೇಲೆ ಅದರಲ್ಲಿ ಕನ್ನಡ ಟೈಪ್ ಮಾಡಲಾಗದೆ ಅಂಗಡಿಗೆ ಹೋಗುವುದು ಸರಿಯಲ್ಲ.

ಲಿನಕ್ಸ್ ಬೇಡವೇ? ವಾಲ್ವ್ ಕಂಪನಿಯ ಪ್ರೋಟಾನ್ 2018ರಲ್ಲಿ ಬಂದ ಮೇಲೆ ಸ್ಟೀಮ್‌ನ ಬಹುಪಾಲು ಆಟಗಳು ಅದರಲ್ಲಿ ಓಡುತ್ತವೆ, ಎಎಂಡಿ ಕಾರ್ಡಿನ ಡ್ರೈವರ್ ಕರ್ನಲ್ ಜತೆಗೇ ಬರುತ್ತದೆ. ಒಬ್ಬರೇ ಆಡುವ ಆಟಗಳಾದರೆ ಧೈರ್ಯವಾಗಿ ಹಾಕಿ. ವ್ಯಾಲರಂಟ್ ಆಡುವವರಿಗೆ ಇದು ಆಗದು.

ದಾವಣಗೆರೆ, ಚನ್ನಗಿರಿ, ಹೊನ್ನಾಳಿಯ ಕಂಪ್ಯೂಟರ್ ಅಂಗಡಿಯವರಲ್ಲಿ, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಒಳ್ಳೆಯ ನೆಟ್ ಇದೆ, ಯುಪಿಎಸ್ ಇದೆ. ಮೈಕ್ರೋಸಾಫ್ಟ್‌ನಿಂದ ನೇರ ಇಳಿಸಿದ ವಿಂಡೋಸ್, ಗಿರಾಕಿಯ ಬೋರ್ಡಿನ ಲ್ಯಾನ್ ಮತ್ತು ವೈಫೈ ಡ್ರೈವರ್, ಹೊಸ ಬಯಾಸ್, ಚಿಪ್‌ಸೆಟ್ ಮತ್ತು ಗ್ರಾಫಿಕ್ಸ್ ಡ್ರೈವರ್, ಎರಡು ರನ್‌ಟೈಮ್, ನುಡಿ ಇಷ್ಟನ್ನು 32 ಜಿಬಿಯ ಒಂದು ಪೆನ್‌ಡ್ರೈವ್‌ಗೆ ಹಾಕಿ, ನಿಮ್ಮ ಶ್ರಮದ ದರ ತೆಗೆದುಕೊಂಡು ಕೊಡಿ. ಆಕ್ಟಿವೇಟರ್ ಮಾತ್ರ ಅದರಲ್ಲಿ ಇಡಬೇಡಿ.